ಕಾನ್ಸೆಂಟಸ್ ಮ್ಯೂಸಿಕಸ್, ವಿಯೆನ್ನಾ

ಕಾನ್ಸೆಂಟಸ್ ಮ್ಯೂಸಿಕಸ್ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ 1953ರಲ್ಲಿ ಹುಟ್ಟಿದ ವಾದ್ಯಮೇಳ. ಬರೋಕ್ ಮತ್ತು ಆರಂಭಿಕ ಕ್ಲಾಸಿಕಲ್ ಕಾಲದ ಯುರೋಪಿಯನ್ ಸಂಗೀತವನ್ನು ಆಯಾ ಕಾಲದ ವಾದ್ಯಗಳಲ್ಲಿ, ಆಯಾ ಕಾಲದ ವಾದನಕ್ರಮವನ್ನು ಅರಸಿ ನುಡಿಸುವುದು ಇದರ ಮುಖ್ಯ ಕೆಲಸ. ಸ್ಥಾಪಕರು ಚೆಲ್ಲೊವಾದಕ ನಿಕೊಲಾಸ್ ಹಾರ್ನೊಂಕೂರ್ (1929–2016), ಅವರ ಪತ್ನಿ ಪಿಟೀಲುವಾದಕಿ ಆಲಿಸ್ ಹಾರ್ನೊಂಕೂರ್ (1930–2022) ಮತ್ತು ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾದ ಕೆಲವು ಕಲಾವಿದರು. ಕೆಲವೇ ವಾದಕರ ಚೇಂಬರ್ ಮೇಳವಾಗಿ ಆರಂಭವಾದ ಇದು ಕಾಲಕ್ರಮದಲ್ಲಿ ಒರಟೋರಿಯೊ, ಒಪೆರಾಗಳನ್ನೂ ನಿರ್ವಹಿಸುವಷ್ಟು ಬೆಳೆಯಿತು.

ಪರಿಭಾಷೆ

ಈ ಲೇಖನದಲ್ಲಿ ಬರೋಕ್ ಎಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿಯನ್ ಸಂಗೀತ. ಮೊಂಟೆವೆರ್ಡಿ, ಪರ್ಸೆಲ್, ವಿವಾಲ್ಡಿ, ಬಾಖ್, ಹ್ಯಾಂಡೆಲ್ ಈ ಅವಧಿಯವರು. ಆರಂಭಿಕ ಕ್ಲಾಸಿಕಲ್ ಎಂದರೆ ಅದರ ಬೆನ್ನಿಗೆ ಬಂದ ದಶಕಗಳ ಸಂಗೀತ. ಹೈಡನ್ ಮತ್ತು ಮೊಟ್ಸಾರ್ಟರ ಮೊದಮೊದಲ ಕೃತಿಗಳು ಇದರಲ್ಲಿ ಸೇರುತ್ತವೆ. ಕೃತಿ ರಚನೆಯಾದ ಕಾಲದಲ್ಲೇ ತಯಾರಾದ ವಾದ್ಯವನ್ನೂ ಅದರ ಮಾದರಿಯಲ್ಲಿ ಇಂದು ಮಾಡಿದ ಪ್ರತಿಯನ್ನೂ ಒಟ್ಟಾಗಿ ಕಾಲೀನ ವಾದ್ಯ ಎಂದು ಕರೆಯಲಾಗಿದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವಾದ್ಯಗಳು ಬಹಳ ಬದಲಾದವು. ಸಂಗೀತ ಅರಮನೆಯ ಕೋಣೆಯಿಂದ ಸಾವಿರಾರು ಜನ ಕೂರುವ ಸಭಾಂಗಣಕ್ಕೆ ಸ್ಥಳಾಂತರವಾದದ್ದು ಇದಕ್ಕೆ ಒಂದು ಕಾರಣ. ಹಳೆಯ ಪಿಟೀಲುಗಳ ಕತ್ತನ್ನು ಉದ್ದಮಾಡಿ ಹಿಂದಕ್ಕೆ ಬಾಗಿಸಲಾಯಿತು. ಹೆಚ್ಚಿದ ಬಿಗಿತವನ್ನು ತಾಳಿಕೊಳ್ಳಲೆಂದು ಒಳಗಿನ ಮರದ ಪಟ್ಟಿಯನ್ನೂ ದಪ್ಪಮಾಡಲಾಯಿತು. ಸ್ಟ್ರಾಡಿವಾರಿಯ ಪಿಟೀಲುಗಳೂ ಈ ಮಾರ್ಪಾಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಹಾರ್ನ್ ಮತ್ತು ಟ್ರಂಪೆಟ್‌ಗಳಿಗೆ ವಾಲ್ವ್‌ಗಳು ಬಂದವು, ಕೊಳಲು ಬೋಮ್ ಎಂಬ ತಯಾರಕನ ಕೈಯಲ್ಲಿ ಬೇರೆಯೇ ವಾದ್ಯವಾಯಿತು, ಹಾರ್ಪ್ಸಿಕಾರ್ಡಿನ ಜಾಗವನ್ನು ಪಿಯಾನೊ ಆಕ್ರಮಿಸಿತು. ಬಾಖ್, ಹ್ಯಾಂಡೆಲರ ಕೃತಿಗಳು ಮರೆಯಾಗಲಿಲ್ಲ. ಆದರೆ ಅವು ಕೇಳಿಬರುತ್ತಿದ್ದುದು ಈ ಹೊಸ ವಾದ್ಯಗಳಲ್ಲಿ, ದೊಡ್ಡ ಗಾಯಕವೃಂದಗಳೊಂದಿಗೆ. ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಷನ್ ಕೃತಿಯನ್ನು ಮೆಂಡೆಲ್ಸನ್ 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಬೆಳಕಿಗೆ ತಂದಾಗಲೂ ಅದು ಆ ದಿನದ ಅಭಿರುಚಿಗೆ ತಕ್ಕಂತೆ ಮಾರ್ಪಾಡಾಗಿತ್ತು.

ಹಳೆಯ ವಾದ್ಯಗಳ ಪುನರುಜ್ಜೀವನ ವಿಯೆನ್ನಾದಲ್ಲಿ ಆರಂಭವಾದದ್ದಲ್ಲ. ಇಂಗ್ಲೆಂಡಿನಲ್ಲಿ ಆರ್ನಲ್ಡ್ ಡಾಲ್ಮೆಚ್ (1858–1940) ವಯೋಲ್ (ಕಮಾನಿನಿಂದ ನುಡಿಸುವ ಹಳೆಯ ತಂತಿವಾದ್ಯ), ಲ್ಯೂಟ್, ಹಾರ್ಪ್ಸಿಕಾರ್ಡ್‌ಗಳನ್ನು ತಯಾರಿಸಿ ನುಡಿಸಿ ತೋರಿಸಿದ್ದ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1933ರಲ್ಲಿ ಸ್ಕೋಲ ಕ್ಯಾಂಟೊರಮ್ ಎಂಬ ಪ್ರಾಚೀನ ಸಂಗೀತದ ಶಾಲೆ ತೆರೆಯಿತು. ವಿಯೆನ್ನಾದ ಸಂಗೀತ ಅಕಾಡೆಮಿಯಲ್ಲಿ ಯೋಸೆಫ್ ಮೆರ್ಟಿನ್ ಪ್ರಾಚೀನ ಸಂಗೀತದ ವಾದನಪದ್ಧತಿಯನ್ನು ಕಲಿಸುತ್ತಿದ್ದರು. ಹಾರ್ನೊಂಕೂರ್ ಮೆರ್ಟಿನ್‌ರ ತರಗತಿಯಲ್ಲಿ ಕಲಿತವರು. ಹಾರ್ನೊಂಕೂರರ ಚೆಲ್ಲೊ ಗುರುಗಳಲ್ಲೊಬ್ಬರಾದ ಪೌಲ್ ಗ್ರ್ಯೂಮರ್, ಬುಶ್ ಕ್ವಾರ್ಟೆಟ್‌ನ ಚೆಲ್ಲೊವಾದಕರಾಗಿದ್ದರೂ ವಯೋಲ ದ ಗಾಂಬದಲ್ಲಿಯೂ ಪರಿಣತರಾಗಿದ್ದರು.

ಸ್ಥಾಪನೆ

ಹಾರ್ನೊಂಕೂರ್ ಹುಟ್ಟಿದ್ದು ಬರ್ಲಿನ್‌ನಲ್ಲಿ, ಬೆಳೆದದ್ದು ಆಸ್ಟ್ರಿಯದ ಗ್ರಾಜ್‌ನಲ್ಲಿ. 1952ರಲ್ಲಿ ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾವನ್ನು ಸೇರಿದ ಅವರು 1969ರವರೆಗೆ ಅಲ್ಲಿಯೇ ಚೆಲ್ಲೊ ನುಡಿಸಿದರು. ಎಂದರೆ ಮೇಳದ ಮೊದಲ ಹದಿನಾರು ವರ್ಷ ಅದರ ನಾಯಕನಿಗೆ ಜೀವನೋಪಾಯ ಬೇರೆ ಆರ್ಕೆಸ್ಟ್ರಾದ ಸಂಬಳವಾಗಿತ್ತು. ಮೇಳದ ಇತರ ಹಲವು ಸದಸ್ಯರ ಸ್ಥಿತಿಯೂ ಇದೇ. ಹಗಲು ಬ್ರಾಮ್ಸ್, ಬ್ರುಕ್ನರ್ ನುಡಿಸಿ ಬಂದವರು ಬಿಡುವಿನ ವೇಳೆಯಲ್ಲಿ ಕರುಳಿನ ತಂತಿಯ ವಾದ್ಯ ಹಿಡಿದು ಅಭ್ಯಾಸಕ್ಕೆ ಕೂರುತ್ತಿದ್ದರು.

ಮೇಳ 1953ರಲ್ಲಿ ಒಂದುಗೂಡಿದರೂ ಮೊದಲ ಸಾರ್ವಜನಿಕ ಕಛೇರಿ ನಡೆದದ್ದು 1957ರಲ್ಲಿ, ವಿಯೆನ್ನಾದ ಶ್ವಾರ್ಟ್ಸೆನ್‌ಬೆರ್ಗ್ ಅರಮನೆಯಲ್ಲಿ. ನಡುವಿನ ನಾಲ್ಕು ವರ್ಷ ಸದಸ್ಯರು ವಾದ್ಯಗಳನ್ನು ಹುಡುಕಿ ಕೊಂಡರು, ದುರಸ್ತಿ ಮಾಡಿಸಿದರು, ಗ್ರಂಥಾಲಯಗಳ ಹಸ್ತಪ್ರತಿಗಳಿಂದ ಸ್ವರಲಿಪಿ ನಕಲು ಮಾಡಿಕೊಂಡರು, ಅಭ್ಯಾಸ ನಡೆಸಿದರು. ಇಷ್ಟು ದೀರ್ಘ ಪೂರ್ವಸಿದ್ಧತೆ ವೃತ್ತಿಪರ ಮೇಳಗಳಲ್ಲಿ ಅಪರೂಪ. ವಾದ್ಯವೇ ವಾದಕರಿಗೆ ಹೊಸದಾಗಿದ್ದುದರಿಂದ ಅದಿಲ್ಲದೆ ಗತಿಯೂ ಇರಲಿಲ್ಲ: ನುಡಿಸುವ ಕ್ರಮವನ್ನು ಹೇಳಿಕೊಡುವ ಗುರುಪರಂಪರೆ ಎಂದೋ ಕಡಿದುಹೋಗಿತ್ತು.

ಈ ಅವಧಿಯ ಎರಡು ಘಟನೆಗಳು ಮುಂದಿನ ದಾರಿಯನ್ನು ನಿರ್ಧರಿಸಿದವು. 1954ರಲ್ಲಿ ಸಂಗೀತರಚನಕಾರ ಪೌಲ್ ಹಿಂಡೆಮಿತ್ ವಿಯೆನ್ನಾದಲ್ಲಿ ಮೊಂಟೆವೆರ್ಡಿಯ ಓರ್ಫಿಯೊ ಒಪೆರಾವನ್ನು ಹಳೆಯ ವಾದ್ಯಗಳೊಂದಿಗೆ ನಿರ್ದೇಶಿಸಿದಾಗ ಹಾರ್ನೊಂಕೂರ್ ಮತ್ತು ಅವರ ಜೊತೆಗಾರರು ಅದರಲ್ಲಿ ನುಡಿಸಿದರು. ಅದೇ ವರ್ಷ, ಆಗ ವಿಯೆನ್ನಾದಲ್ಲಿ ಪಾಠಹೇಳುತ್ತಿದ್ದ ಡಚ್ ಹಾರ್ಪ್ಸಿಕಾರ್ಡ್‌ವಾದಕ ಗುಸ್ತಾಫ್ ಲಿಯೊನ್‌ಹಾರ್ಟ್ ಮತ್ತು ಇಂಗ್ಲಿಷ್ ಗಾಯಕ ಆಲ್ಫ್ರೆಡ್ ಡೆಲ್ಲರ್ ಜೊತೆಯಲ್ಲಿ ಬಾಖ್‌ನ ಎರಡು ಕ್ಯಾಂಟಾಟಗಳ ಧ್ವನಿಮುದ್ರಣದಲ್ಲಿ ಹಾರ್ನೊಂಕೂರ್ ದಂಪತಿ ಪಾಲ್ಗೊಂಡರು. ಲಿಯೊನ್‌ಹಾರ್ಟ್ ಜೊತೆಗಿನ ಈ ಸ್ನೇಹ ಮುಂದೆ ಮೂರೂವರೆ ದಶಕಗಳ ಸಹಕಾರವಾಗಿ ಬೆಳೆಯಿತು.

ರಚನೆ

ಮೇಳದ ಗಾತ್ರ ಸ್ಥಿರವಲ್ಲ. ವಯೋಲ್ ಫ್ಯಾಂಟಸಿಗಳಿಗೆ ನಾಲ್ಕೈದು ಮಂದಿ ಸಾಕು. ಬಾಖ್‌ನ ಬ್ರಾಂಡೆನ್‌ಬೆರ್ಗ್ ಕಾನ್ಸರ್ಟೊಗಳಲ್ಲಿ ಕೃತಿಯಿಂದ ಕೃತಿಗೆ ವಾದಕರ ಸಂಖ್ಯೆ ಬದಲಾಗುತ್ತದೆ. ಹೈಡನ್‌ನ ಒರಟೋರಿಯೊಗಳಿಗೆ ಪೂರ್ಣ ಆರ್ಕೆಸ್ಟ್ರಾ ಬೇಕು. ಮುಖ್ಯ ಪಿಟೀಲು ವಿಭಾಗ, ಅದರ ಕೆಳಗೆ ವಯೋಲ, ಚೆಲ್ಲೊ, ವಯೊಲೋನೆ (ಮಂದ್ರದ ದೊಡ್ಡ ತಂತಿವಾದ್ಯ), ಇವುಗಳ ಜೊತೆಗೆ ಓಬೊ, ಬಸೂನ್, ಕೊಳಲು, ಬೇಕಾದಲ್ಲಿ ಹಾರ್ನ್, ಟ್ರಂಪೆಟ್, ನಗಾರಿ: ಇದು ಸಾಮಾನ್ಯ ವಿನ್ಯಾಸ.

ಬರೋಕ್ ಮೇಳದ ಅಡಿಗಲ್ಲು ಬಾಸೊ ಕಂಟಿನ್ಯೂವೊ. ರಚನಕಾರ ಮಂದ್ರದ ಒಂದು ಸ್ವರಸಾಲನ್ನು ಮಾತ್ರ ಬರೆದು ಅದರ ಬಳಿ ಅಂಕಿಗಳನ್ನು ಹಾಕಿರುತ್ತಾನೆ. ಚೆಲ್ಲೊ ಅಥವಾ ಬಸೂನ್ ಆ ಸಾಲನ್ನು ನುಡಿಸಿದರೆ, ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಲ್ಯೂಟ್ ನುಡಿಸುವವರು ಅಂಕಿಗಳ ಸೂಚನೆಯಂತೆ ಮೇಲಿನ ಸ್ವರಗುಚ್ಛಗಳನ್ನು ಸ್ಥಳದಲ್ಲೇ ಕಟ್ಟುತ್ತಾರೆ. ನಿಯಮದ ಚೌಕಟ್ಟಿನೊಳಗೆ ವಾದಕನ ಕಲ್ಪನೆಗೆ ಜಾಗ ಬಿಡುವ ಈ ಕ್ರಮ ಕರ್ನಾಟಕ ಸಂಗೀತದ ಮನೋಧರ್ಮಕ್ಕೆ ಸ್ವಲ್ಪಮಟ್ಟಿಗೆ ಹತ್ತಿರದ್ದು. ಕಾನ್ಸೆಂಟಸ್‌ನಲ್ಲಿ ಈ ಹೊಣೆಯನ್ನು ದೀರ್ಘಕಾಲ ಹೊತ್ತವರು ಹೆರ್ಬರ್ಟ್ ಟಾಖೆಜಿ. ಓಬೊದಲ್ಲಿ ಯೂರ್ಗ್ ಶೆಫ್ಟ್‌ಲೈನ್, ಕೊಳಲಿನಲ್ಲಿ ಲಿಯೊಪೋಲ್ಡ್ ಸ್ಟಾಸ್ಟ್ನಿ, ವಯೋಲದಲ್ಲಿ ಕುರ್ಟ್ ಥೈನರ್, ವಯೊಲೋನೆಯಲ್ಲಿ ಎಡ್ವರ್ಡ್ ಹ್ರೂಜಾ, ಬಸೂನ್‌ನಲ್ಲಿ ಒಟ್ಟೊ ಫ್ಲೈಶ್‌ಮನ್ ಆರಂಭದ ದಶಕಗಳ ಪ್ರಮುಖರು.

ಹಾರ್ನೊಂಕೂರ್ ಬಹುಕಾಲ ನಿರ್ದೇಶಕನ ಕಟ್ಟೆ ಏರದೆ, ಮೇಳದ ನಡುವೆ ಚೆಲ್ಲೊ ಅಥವಾ ಗಾಂಬ ಹಿಡಿದು ಕುಳಿತೇ ಮುನ್ನಡೆಸಿದರು. ಮೊದಲ ಪಿಟೀಲಿನ ಸ್ಥಾನದಿಂದ ಆಲಿಸ್ 1985ರವರೆಗೆ ಮೇಳದ ನಾಯಕಿಯಾಗಿದ್ದರು. ಮೇಳದ ಚರಿತ್ರೆಯನ್ನು ಹಾರ್ನೊಂಕೂರರೊಬ್ಬರ ಕಥೆಯಾಗಿ ಹೇಳುವ ರೂಢಿಯಿದೆ. ತಂತಿವಾದ್ಯಗಳ ನುಡಿಸಾಣಿಕೆಯ ಮಟ್ಟಿಗೆ ಆಲಿಸ್ ಅವರ ಪಾಲು ಅದಕ್ಕೆ ಸಮನಾದದ್ದು. ವಿವಾಲ್ಡಿಯ ನಾಲ್ಕು ಋತುಗಳು ಕೃತಿಯ 1977ರ ಧ್ವನಿಮುದ್ರಣದಲ್ಲಿ ಏಕಪಿಟೀಲು ಅವರದೇ. ಅನಂತರ ಎರಿಕ್ ಹೋಬಾರ್ತ್ ನಾಯಕ ಪಿಟೀಲಿನ ಸ್ಥಾನಕ್ಕೆ ಬಂದರು.

ವಾದ್ಯಗಳು

ಹಳೆಯ ವಾದ್ಯಗಳಿಗೆ ಬೇಡಿಕೆಯೇ ಇಲ್ಲದ ಕಾಲದಲ್ಲಿ ಮೇಳ ಅವುಗಳನ್ನು ಕೂಡಿಸಿತು. ಟಿರೋಲ್ ಪ್ರಾಂತದ ಆಬ್ಸಾಮ್ ಊರಿನ ಯಾಕೋಬ್ ಸ್ಟೈನರ್ ಎಂಬ ಹದಿನೇಳನೆಯ ಶತಮಾನದ ತಯಾರಕನ ಪಿಟೀಲು ಆಲಿಸ್ ಅವರ ಕೈಯಲ್ಲಿತ್ತು. ಬಾಖ್‌ನ ಕಾಲದ ಜರ್ಮನ್ ನಾಡುಗಳಲ್ಲಿ ಸ್ಟೈನರ್ ಪಿಟೀಲುಗಳಿಗೆ ಇಟಲಿಯ ವಾದ್ಯಗಳಿಗಿಂತ ಹೆಚ್ಚಿನ ಮನ್ನಣೆಯಿತ್ತು. ಹಾರ್ನೊಂಕೂರರ ಚೆಲ್ಲೊ 1744ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆಯಾ ಕಾಸ್ತಾಞೇರಿ ತಯಾರಿಸಿದ್ದು. ವಯೊಲೋನೆ 1729ರ ವಿಯೆನ್ನಾದ ಆಂಟನಿ ಪೋಶ್‌ನದು. ಹಾರ್ಪ್ಸಿಕಾರ್ಡ್‌ಗಳನ್ನು ಬ್ರೆಮೆನ್‌ನ ಮಾರ್ಟಿನ್ ಸ್ಕೊವ್ರೊನೆಕ್ ಹಳೆಯ ಮಾದರಿಗಳಂತೆ ಮಾಡಿಕೊಟ್ಟರು. ಮೇಳದ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ವಾದಕರ ಹೆಸರಿನ ಪಕ್ಕದಲ್ಲಿ ವಾದ್ಯ ತಯಾರಕ, ಊರು, ಇಸವಿಯನ್ನೂ ಅಚ್ಚುಹಾಕುವ ಪದ್ಧತಿ ಇತ್ತು.

ಪಿಟೀಲು ವರ್ಗದ ಕಾಲೀನ ವಾದ್ಯಗಳಿಗೆ ಕರುಳಿನ ತಂತಿ ಹಾಕುತ್ತಾರೆ. ಉಕ್ಕಿನ ತಂತಿಗಿಂತ ಇದರ ಬಿಗಿತ ಕಡಿಮೆ, ನಾದ ಮೆದು, ಸ್ವರದ ಆರಂಭ ಹೆಚ್ಚು ಸ್ಪಷ್ಟ. ಸಭಾಂಗಣದ ಬಿಸಿ, ತೇವಕ್ಕೆ ಶ್ರುತಿ ಬೇಗ ಜಾರುವುದು ಇದರ ತೊಡಕು. ಗದ್ದಕ್ಕೆ ಆಸರೆ ಕೊಡುವ ಪಟ್ಟಿ ಇರುವುದಿಲ್ಲ. ಅದು ಬಂದದ್ದು ಸುಮಾರು 1820ರ ವೇಳೆಗೆ. ಕಮಾನು ಹೊರಕ್ಕೆ ಬಿಲ್ಲಿನಂತೆ ಬಾಗಿದ್ದು ತುದಿಯಲ್ಲಿ ಹಗುರ. ಹೀಗಾಗಿ ಕಮಾನನ್ನು ಕೆಳಕ್ಕೆ ಎಳೆದಾಗ ಗಟ್ಟಿ, ಮೇಲಕ್ಕೆ ತಳ್ಳಿದಾಗ ಹಗುರ ಎಂಬ ವ್ಯತ್ಯಾಸ ತಾನಾಗಿ ಬರುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಟೂರ್ಟ್ ಕಮಾನು ಈ ವ್ಯತ್ಯಾಸವನ್ನು ಅಳಿಸಿ, ಉದ್ದಕ್ಕೂ ಒಂದೇ ಬಲದ ಸ್ವರವನ್ನು ಸಾಧ್ಯವಾಗಿಸಿತು.

ಊದುವಾದ್ಯಗಳಲ್ಲಿ ಸಮಸ್ಯೆ ಇನ್ನೂ ಕಠಿಣ. ಬರೋಕ್ ಟ್ರಂಪೆಟ್‌ಗೆ ವಾಲ್ವ್ ಇಲ್ಲ; ಸಹಜ ಅನುಸ್ವರಗಳ ಶ್ರೇಣಿಯಲ್ಲಿ ಸಿಗುವ ಸ್ವರಗಳನ್ನು ತುಟಿಯ ಹಿಡಿತದಿಂದಲೇ ಹೊರಡಿಸಬೇಕು. ಬಾಖ್ ಬರೆದ ಎತ್ತರದ ಟ್ರಂಪೆಟ್ ಸಾಲುಗಳು ಈ ಶ್ರೇಣಿಯ ಮೇಲುಭಾಗದಲ್ಲಿವೆ. ಓಬೊಗೆ ಎರಡು ಮೂರು ಕೀಲಿಗಳಷ್ಟೇ. ಉಳಿದ ಸ್ವರಗಳು ಬೆರಳುಗಳನ್ನು ಹೆಣೆದು ಹಿಡಿಯುವುದರಿಂದ ಬರುತ್ತವೆ, ಆದ್ದರಿಂದ ಒಂದೊಂದು ಸ್ವರದ ಬಣ್ಣವೂ ಒಂದೊಂದು. ಒಂದು ವಾದ್ಯವಂತೂ ಸಂಪೂರ್ಣ ಕಣ್ಮರೆಯಾಗಿತ್ತು. ಬಾಖ್ ತನ್ನ ಪ್ಯಾಷನ್ ಮತ್ತು ಕ್ಯಾಂಟಾಟಗಳಲ್ಲಿ ಬಳಸಿದ ಓಬೊ ದ ಕಾಚ್ಚ ಎಂಥದ್ದೆಂಬುದು ತಿಳಿಯದೆ ಅದರ ಪಾಲನ್ನು ಇಂಗ್ಲಿಷ್ ಹಾರ್ನ್‌ನಲ್ಲಿ ನುಡಿಸಲಾಗುತ್ತಿತ್ತು. ಲೈಪ್ಜಿಗ್‌ನ ತಯಾರಕ ಐಖೆನ್‌ಟೊಫ್ ಮಾಡಿದ ಎರಡು ವಾದ್ಯಗಳು ಸ್ಟಾಕ್‌ಹೋಮ್ ಮತ್ತು ಕೋಪನ್‌ಹೇಗನ್ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದ್ದವು: ಕಮಾನಿನಂತೆ ಬಾಗಿ, ಚರ್ಮ ಹೊದ್ದು, ತುದಿಯಲ್ಲಿ ಹಿತ್ತಾಳೆಯ ಅಗಲ ಬಾಯಿಯಿರುವ ವಾದ್ಯಗಳಿವು. ಇವುಗಳ ಮಾದರಿಯಲ್ಲಿ ಮಾಡಿದ ಪ್ರತಿಗಳು 1970ರ ದಶಕದಲ್ಲಿ ಕಾನ್ಸೆಂಟಸ್‌ನ ಕ್ಯಾಂಟಾಟ ಧ್ವನಿಮುದ್ರಣಗಳಲ್ಲಿ ಮತ್ತೆ ಕೇಳಿಸಿದವು.

ಶ್ರುತಿ

ಇಂದಿನ ಆರ್ಕೆಸ್ಟ್ರಾಗಳು ‘ಎ’ ಸ್ವರವನ್ನು ಸೆಕೆಂಡಿಗೆ 440 ಅಥವಾ ಅದಕ್ಕಿಂತ ತುಸು ಹೆಚ್ಚಿನ ಕಂಪನಕ್ಕೆ ಸೇರಿಸುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಇಂಥ ಸರ್ವಸಮ್ಮತ ಅಳತೆ ಇರಲಿಲ್ಲ. ಊರಿಂದೂರಿಗೆ, ಒಂದೇ ಊರಿನ ಚರ್ಚಿನಿಂದ ಅರಮನೆಗೆ ಶ್ರುತಿ ಬದಲಾಗುತ್ತಿತ್ತು. ಬರೋಕ್ ಮೇಳಗಳು ಅನುಕೂಲಕ್ಕಾಗಿ 415ನ್ನು ರೂಢಿಗೆ ತಂದಿವೆ. ಇದು 440ಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗೆ. ಮೊಟ್ಸಾರ್ಟ್, ಹೈಡನ್ ಕೃತಿಗಳಿಗೆ ಸಾಮಾನ್ಯವಾಗಿ 430ರ ಆಸುಪಾಸು ಹಿಡಿಯುತ್ತಾರೆ. ಹಾರ್ಪ್ಸಿಕಾರ್ಡ್, ಆರ್ಗನ್‌ಗಳ ಹನ್ನೆರಡು ಸ್ವರಗಳ ನಡುವಿನ ಅಂತರವನ್ನೂ ಪಿಯಾನೊದಂತೆ ಸಮವಾಗಿ ಹಂಚುವುದಿಲ್ಲ. ಕೆಲವು ಸ್ವರಸ್ಥಾನಗಳು ಶುದ್ಧವಾಗಿಯೂ ಕೆಲವು ಬಿಗಿಯಾಗಿಯೂ ಕೇಳಿಸುತ್ತವೆ.

ವಾದನಕ್ರಮ

ವಾದನಕ್ರಮಕ್ಕೆ ಮುಖ್ಯ ಆಕರಗಳು ಹದಿನೆಂಟನೆಯ ಶತಮಾನದ ಬೋಧನಗ್ರಂಥಗಳು: ಕೊಳಲಿನ ಬಗ್ಗೆ ಕ್ವಾಂಟ್ಸ್ (1752), ಕೀಲಿಮಣೆ ವಾದ್ಯಗಳ ಬಗ್ಗೆ ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬಾಖ್ (1753), ಪಿಟೀಲಿನ ಬಗ್ಗೆ ಲಿಯೊಪೋಲ್ಡ್ ಮೊಟ್ಸಾರ್ಟ್ (1756). ಇವುಗಳ ಜೊತೆಗೆ ಗೇಯೋರ್ಗ್ ಮುಫಾಟ್ ತನ್ನ ಪ್ರಕಟಿತ ಕೃತಿಗಳಿಗೆ ಬರೆದ ಮುನ್ನುಡಿಗಳು ಫ್ರೆಂಚ್ ಮತ್ತು ಇಟಾಲಿಯನ್ ಶೈಲಿಗಳ ವ್ಯತ್ಯಾಸವನ್ನು ತಿಳಿಸುತ್ತವೆ.

ಹಾರ್ನೊಂಕೂರ್ ಈ ಆಕರಗಳಿಂದ ಕಟ್ಟಿದ ಸಿದ್ಧಾಂತದ ತಿರುಳು ಇಷ್ಟು: ಸುಮಾರು 1800ಕ್ಕೆ ಹಿಂದಿನ ಸಂಗೀತ ಮಾತಿನ ಸ್ವರೂಪದ್ದು, ಅದಕ್ಕೆ ವಾಕ್ಯ, ಪದ, ಒತ್ತು, ವಿರಾಮಗಳಿವೆ. ಅನಂತರದ ಸಂಗೀತ ಉದ್ದನೆಯ ರೇಖೆಗಳಲ್ಲಿ ಚಿತ್ರ ಬರೆಯುತ್ತದೆ. 1982ರಲ್ಲಿ ಜರ್ಮನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಕಲನದ ವಿಷಯವೇ ಇದು. ವಾದನದಲ್ಲಿ ಇದರ ಪರಿಣಾಮ ನೇರವಾಗಿ ಕೇಳಿಸುತ್ತದೆ. ತಾಳದ ಎಲ್ಲ ಪೆಟ್ಟುಗಳಿಗೂ ಸಮನಾದ ತೂಕವಿಲ್ಲ, ಮೊದಲನೆಯದು ಗಟ್ಟಿ, ಎರಡನೆಯದು ಹಗುರ. ಸ್ವರಗಳನ್ನು ಎರಡು ಮೂರರ ಗುಂಪುಗಳಾಗಿ ಬಿಡಿಸಿ ನುಡಿಸುತ್ತಾರೆ. ಉದ್ದ ಸ್ವರ ಹೊರಟ ಮೇಲೆ ಕ್ಷೀಣಿಸುತ್ತ ಹೋಗುತ್ತದೆ. ಎಡಗೈ ಬೆರಳಿನ ಕಂಪನ ಸದಾ ಇರುವುದಿಲ್ಲ, ಅಲಂಕಾರವಾಗಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಬರುತ್ತದೆ.

ಸಮಕಾಲೀನ ಮೇಳಗಳಿಂದ ಕಾನ್ಸೆಂಟಸ್ ಬೇರೆಯಾಗುವುದು ಈ ನಿಯಮಗಳ ಪಾಲನೆಯಿಂದಲ್ಲ, ಅವುಗಳನ್ನು ಎಷ್ಟು ದೂರ ಒಯ್ಯುತ್ತದೆ ಎಂಬುದರಿಂದ. ಒತ್ತುಗಳು ತೀಕ್ಷ್ಣ, ಮೌನಗಳು ದೀರ್ಘ, ಗತಿಯ ಏರಿಳಿತ ಧಾರಾಳ. ಪಠ್ಯ ದುಃಖ, ಭಯ, ಸಾವನ್ನು ಹೇಳುವಲ್ಲಿ ನಾದ ಬೇಕೆಂದೇ ಒರಟಾಗುತ್ತದೆ. ಹಳೆಯದನ್ನು ಇದ್ದಂತೆ ಮರಳಿ ಸೃಷ್ಟಿಸಬಹುದೆಂಬ ನಂಬಿಕೆಯನ್ನು ಹಾರ್ನೊಂಕೂರ್ ಒಪ್ಪಿರಲಿಲ್ಲ. ಕಾಲೀನ ವಾದ್ಯ ಅವರಿಗೆ ಕೃತಿಯನ್ನು ಇಂದಿನ ಕೇಳುಗನಿಗೆ ಮುಟ್ಟಿಸುವ ಸಾಧನವಾಗಿತ್ತು.

ಕೃತಿಗಳು

ಆರಂಭದ ಕಾರ್ಯಕ್ರಮಗಳಲ್ಲಿ ನವೋದಯ ಕಾಲದ ಸಂಗೀತಕ್ಕೂ ಪರ್ಸೆಲ್‌ನ ವಯೋಲ್ ಫ್ಯಾಂಟಸಿಗಳಿಗೂ ಜಾಗವಿತ್ತು. ಆಸ್ಟ್ರಿಯದ ಆಸ್ಥಾನಗಳಲ್ಲಿ ಬಾಳಿದ ಬೀಬರ್, ಶ್ಮೆಲ್ಟ್ಸರ್, ಫುಕ್ಸ್, ಮುಫಾಟ್ ಅವರ ಕೃತಿಗಳನ್ನು ಗ್ರಂಥಾಲಯದ ಕಪಾಟಿನಿಂದ ಕಛೇರಿಗೆ ತಂದವರಲ್ಲಿ ಕಾನ್ಸೆಂಟಸ್ ಮೊದಲಿನದು. 1963ರಿಂದ ಟೆಲಿಫುಂಕೆನ್ ಕಂಪನಿಯ ‘ದಾಸ್ ಆಲ್ಟೆ ವೆರ್ಕ್’ ಮಾಲೆಗಾಗಿ ಧ್ವನಿಮುದ್ರಣ ಆರಂಭವಾಯಿತು. ಇವುಗಳಲ್ಲಿ ಅನೇಕವನ್ನು ವಿಯೆನ್ನಾದ ಕ್ಯಾಸಿನೊ ಜೋಗರ್ನಿಟ್ಸ್ ಎಂಬ ಹಳೆಯ ಸಭಾಂಗಣದಲ್ಲಿ ಮುದ್ರಿಸಲಾಯಿತು. ಬ್ರಾಂಡೆನ್‌ಬೆರ್ಗ್ ಕಾನ್ಸರ್ಟೊಗಳು (1964), ಸೇಂಟ್ ಜಾನ್ ಪ್ಯಾಷನ್ (1965), ಬಿ ಮೈನರ್ ಮಾಸ್ (1968), ಸೇಂಟ್ ಮ್ಯಾಥ್ಯೂ ಪ್ಯಾಷನ್ (1970) ಬಾಖ್‌ನ ದೊಡ್ಡ ಕೃತಿಗಳನ್ನು ಕಾಲೀನ ವಾದ್ಯಗಳಲ್ಲಿ ಕೇಳಿಸಿದ ಮೊದಮೊದಲ ಮುದ್ರಣಗಳ ಸಾಲಿಗೆ ಸೇರುತ್ತವೆ. ಟೆಲೆಮಾನ್, ಹ್ಯಾಂಡೆಲ್, ರಾಮೋ ಅವರ ಕೃತಿಗಳ ಮುದ್ರಣಗಳೂ ಇವೆ. ಸೇಂಟ್ ಮ್ಯಾಥ್ಯೂ ಪ್ಯಾಷನ್ ಅನ್ನು ಮೇಳ ಆರ್ನಲ್ಡ್ ಶೋನ್‌ಬೆರ್ಗ್ ಗಾಯಕವೃಂದದೊಂದಿಗೆ ಮತ್ತೆ ಮುದ್ರಿಸಿತು. ಆ ಮುದ್ರಣಕ್ಕೆ 2002ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಬಾಖ್ ಕ್ಯಾಂಟಾಟಗಳ ಮುದ್ರಣ

ಮೇಳದ ಅತಿ ದೊಡ್ಡ ಕೆಲಸ ಬಾಖ್‌ನ ಚರ್ಚ್ ಕ್ಯಾಂಟಾಟಗಳ ಸಮಗ್ರ ಮುದ್ರಣ. ಭಾನುವಾರ ಮತ್ತು ಹಬ್ಬಗಳ ಪೂಜೆಗಾಗಿ ಬರೆದ ಇಂಥ ಸುಮಾರು 200 ಕೃತಿಗಳು ಉಳಿದಿವೆ. ಅಲ್ಲಿಯವರೆಗೆ ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಛೇರಿಗಳಲ್ಲಿ ಕೇಳಿಬರುತ್ತಿದ್ದವು. ಕೆಲಸವನ್ನು ಹಾರ್ನೊಂಕೂರ್ ಮತ್ತು ಲಿಯೊನ್‌ಹಾರ್ಟ್ ಹಂಚಿಕೊಂಡರು: ವಿಯೆನ್ನಾದಲ್ಲಿ ಕಾನ್ಸೆಂಟಸ್, ನೆದರ್ಲೆಂಡ್ಸ್‌ನಲ್ಲಿ ಲಿಯೊನ್‌ಹಾರ್ಟ್ ಕಾನ್ಸರ್ಟ್. 1971ರಲ್ಲಿ ಮೊದಲ ಸಂಪುಟ ಹೊರಬಂದಿತು. ಮಾಲೆ ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು.

ಬಾಖ್ ಲೈಪ್ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಹುಡುಗರಿಂದ ಹಾಡಿಸಿದಂತೆ ಇಲ್ಲಿಯೂ ಮೇಲುಸ್ಥಾಯಿಯ ಏಕಗಾಯನವನ್ನೂ ವೃಂದಗಾಯನವನ್ನೂ ಬಹುತೇಕ ಹುಡುಗರೇ ಹಾಡಿದ್ದಾರೆ. ಕಾನ್ಸೆಂಟಸ್‌ನೊಂದಿಗೆ ಮೊದಲು ವಿಯೆನ್ನಾದ ಬಾಲಗಾಯಕರ ವೃಂದ, ಅನಂತರ ಬವೇರಿಯದ ಟೋಲ್ಜ್ ಬಾಲಗಾಯಕರ ವೃಂದ ಹಾಡಿದವು. ಲಿಯೊನ್‌ಹಾರ್ಟ್ ಬಳಿ ಹ್ಯಾನೋವರ್‌ನ ಹುಡುಗರೂ ಘೆಂಟ್‌ನ ಕೊಲೇಜಿಯಂ ವೊಕಾಲೆಯೂ ಇದ್ದರು. ಹೆಂಗಸರಿಗೆ ಬಿಟ್ಟುಕೊಟ್ಟದ್ದು ವಿಶೇಷ ಕಷ್ಟದ ಒಂದೆರಡು ಏಕಗಾಯನ ಕ್ಯಾಂಟಾಟಗಳನ್ನು ಮಾತ್ರ. ಟೆನರ್ ಕುರ್ಟ್ ಎಕ್ವಿಲುಜ್, ಆಲ್ಟೊ ಪಾಲ್ ಎಸ್‌ವುಡ್, ಬಾಸ್ ಮ್ಯಾಕ್ಸ್ ವಾನ್ ಎಗ್ಮಂಡ್ ಮಾಲೆಯ ಉದ್ದಕ್ಕೂ ಮತ್ತೆ ಮತ್ತೆ ಕೇಳಿಬರುವ ಕಂಠಗಳು. ಎಲ್‌ಪಿ ಪೆಟ್ಟಿಗೆಗಳಲ್ಲಿ ತಟ್ಟೆಗಳ ಜೊತೆಗೆ ಆಯಾ ಕ್ಯಾಂಟಾಟದ ಪೂರ್ಣ ಸ್ವರಲಿಪಿಯನ್ನೂ ಇಡಲಾಗುತ್ತಿತ್ತು. ಸಂಗೀತ ವಿದ್ಯಾರ್ಥಿಗಳ ಒಂದು ಪೀಳಿಗೆಗೆ ಇದು ಬಾಖ್ ಗ್ರಂಥಾಲಯವೇ ಆಯಿತು.

ಈ ಕೆಲಸಕ್ಕಾಗಿ ಹಾರ್ನೊಂಕೂರ್ ಮತ್ತು ಲಿಯೊನ್‌ಹಾರ್ಟ್ 1980ರಲ್ಲಿ ನೆದರ್ಲೆಂಡ್ಸ್‌ನ ಎರಾಸ್ಮಸ್ ಪ್ರಶಸ್ತಿಯನ್ನು ಜೊತೆಯಾಗಿ ಪಡೆದರು. ಮಾಲೆ ಪೂರ್ಣಗೊಂಡಾಗ 1990ರಲ್ಲಿ ಗ್ರಾಮಫೋನ್ ಪತ್ರಿಕೆಯ ವಿಶೇಷ ಪ್ರಶಸ್ತಿ ಸಂದಿತು.

ರಂಗಕೃತಿಗಳು

ಮೊಂಟೆವೆರ್ಡಿಯ ಒಪೆರಾಗಳಲ್ಲಿ ಇಂದಿಗೆ ಉಳಿದುಬಂದಿರುವ ಮೂರನ್ನೂ ಮೇಳ ಮುದ್ರಿಸಿತು: ಓರ್ಫಿಯೊ (1968), ಯುಲಿಸಿಸ್‌ನ ಮರಳುವಿಕೆ (1971), ಪೊಪೆಯಾಳ ಪಟ್ಟಾಭಿಷೇಕ (1974). 1607ರ ಓರ್ಫಿಯೊದ ಅಚ್ಚಾದ ಪ್ರತಿಯಲ್ಲಿ ಯಾವ ವಾದ್ಯಗಳು ಬೇಕೆಂಬ ಪಟ್ಟಿಯಿದೆ. ವೆನಿಸ್‌ಗಾಗಿ ಬರೆದ ಉಳಿದೆರಡರ ಹಸ್ತಪ್ರತಿಗಳಲ್ಲಿ ಹಾಡಿನ ಸಾಲು, ಮಂದ್ರದ ಸಾಲು ಬಿಟ್ಟರೆ ಹೆಚ್ಚೇನೂ ಇಲ್ಲ. ಯಾವ ಪಾತ್ರಕ್ಕೆ ಯಾವ ವಾದ್ಯ, ಎಲ್ಲಿ ಪಿಟೀಲುಗಳು ಸೇರಬೇಕು ಎಂಬುದನ್ನೆಲ್ಲ ಮೇಳವೇ ನಿರ್ಧರಿಸಬೇಕಾಗುತ್ತದೆ. ಹಾರ್ನೊಂಕೂರರ ಪರಿಹಾರ ಸಮೃದ್ಧ ವಾದ್ಯವರ್ಣಗಳದು. ವೆನಿಸ್‌ನ ರಂಗಮಂದಿರಗಳಲ್ಲಿ ವಾದಕರು ತೀರ ಕಡಿಮೆ ಇದ್ದರೆಂದು ವಾದಿಸುವ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. 1975ರಿಂದ ಜ್ಯೂರಿಕ್ ಒಪೆರಾದಲ್ಲಿ ನಿರ್ದೇಶಕ ಜಾನ್ ಪಿಯೆರ್ ಪೊನೆಲ್ ಜೊತೆ ಹಾರ್ನೊಂಕೂರ್ ನಡೆಸಿದ ಪ್ರಸಿದ್ಧ ಮೊಂಟೆವೆರ್ಡಿ ಸರಣಿಯಲ್ಲಿ ನುಡಿಸಿದ್ದು ಆ ಒಪೆರಾದ ಸ್ವಂತ ವಾದಕರ ಮೇಳ, ಕಾನ್ಸೆಂಟಸ್ ಅಲ್ಲ. ಎರಡನ್ನೂ ಒಂದೇ ಎಂದು ಎಣಿಸುವ ತಪ್ಪು ಆಗಾಗ ಕಾಣುತ್ತದೆ.

ಕ್ಲಾಸಿಕಲ್ ಕಾಲದತ್ತ

1980ರ ದಶಕದಿಂದ ಮೇಳದ ಕೆಲಸ ಹದಿನೆಂಟನೆಯ ಶತಮಾನದ ಉತ್ತರಾರ್ಧಕ್ಕೆ ವಿಸ್ತರಿಸಿತು. ಮೊಟ್ಸಾರ್ಟ್‌ನ ರೆಕ್ವಿಯಂ ಮತ್ತು ಇತರ ಚರ್ಚ್ ಕೃತಿಗಳು, ತರುಣ ಮೊಟ್ಸಾರ್ಟ್‌ನ ಒಪೆರಾ ಲೂಚಿಯೊ ಸಿಲ್ಲ, ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಅರಮನೆಯ ಪುಟ್ಟ ಮೇಳಕ್ಕಾಗಿ ಬರೆದ ಮುಂಜಾನೆ, ಮಧ್ಯಾಹ್ನ, ಸಂಜೆ ಎಂಬ ಮೂರು ಸಿಂಫನಿಗಳು ಮುದ್ರಣಗೊಂಡವು. ಒಬ್ಬೊಬ್ಬ ವಾದಕನಿಗೂ ಏಕವಾದನದ ಅವಕಾಶವಿರುವ ಈ ಮೂರು ಸಿಂಫನಿಗಳು ಬರೋಕ್ ಕಾನ್ಸರ್ಟೊ ಮತ್ತು ಹೊಸ ಸಿಂಫನಿಗಳ ನಡುವಿನವು. ಎರಡೂ ಶೈಲಿಗಳಲ್ಲಿ ಪಳಗಿದ ಮೇಳಕ್ಕೆ ಸಹಜವಾಗಿ ಒಗ್ಗುವಂಥವು. ಹೈಡನ್‌ನ ಪ್ಯಾರಿಸ್ ಸಿಂಫನಿಗಳೂ ಸೃಷ್ಟಿ, ಋತುಗಳು ಎಂಬ ಎರಡು ಒರಟೋರಿಯೊಗಳೂ 2000ದ ನಂತರದವು.

ಮೊಟ್ಸಾರ್ಟ್ 1788ರ ಬೇಸಗೆಯಲ್ಲಿ ಬರೆದ ಕೊನೆಯ ಮೂರು ಸಿಂಫನಿಗಳು ಬಿಡಿ ಕೃತಿಗಳಲ್ಲ, ಮಾತಿಲ್ಲದ ಒಂದೇ ಒರಟೋರಿಯೊದ ಭಾಗಗಳು ಎಂಬುದು ಹಾರ್ನೊಂಕೂರರ ಕೊನೆಗಾಲದ ವಾದ. 2014ರಲ್ಲಿ ಬಂದ ಕಾನ್ಸೆಂಟಸ್ ಮುದ್ರಣ ಆ ವಾದವನ್ನು ನುಡಿಸಿ ತೋರಿಸುತ್ತದೆ. ಆದರೆ ಆ ವಾದಕ್ಕೆ ದಾಖಲೆಯ ಆಧಾರ ಸಿಕ್ಕಿಲ್ಲ. ಅದೇ ವರ್ಷ ಥಿಯೇಟರ್ ಆನ್ ದೆರ್ ವೀನ್ ರಂಗಮಂದಿರದಲ್ಲಿ ಫಿಗರೊನ ಮದುವೆ, ಡಾನ್ ಜೊವಾನಿ, ಕೊಸಿ ಫಾನ್ ತುತ್ತೆ ಒಪೆರಾಗಳನ್ನು ಸಾಲಾಗಿ ಪ್ರಯೋಗಿಸಲಾಯಿತು. 2015ರಲ್ಲಿ ಬೀಥೋವನ್‌ನ ನಾಲ್ಕು ಮತ್ತು ಐದನೆಯ ಸಿಂಫನಿಗಳೂ ಮಿಸ್ಸ ಸೊಲೆಮ್ನಿಸ್ ಕೃತಿಯೂ ಮುದ್ರಣವಾದವು. ಯೋಜಿಸಿದ್ದ ಬೀಥೋವನ್ ಸಿಂಫನಿಗಳ ಪೂರ್ಣ ಸರಣಿ ಅಲ್ಲಿಗೇ ನಿಂತಿತು.

ವಿಮರ್ಶೆ

ಮೊದಲ ದಶಕಗಳಲ್ಲಿ ಮೇಳದ ಮೇಲಿನ ಆಕ್ಷೇಪ ಮುಖ್ಯವಾಗಿ ನುಡಿಸಾಣಿಕೆಯ ಮಟ್ಟದ್ದು: ಊದುವಾದ್ಯಗಳು ಶ್ರುತಿ ತಪ್ಪುತ್ತವೆ, ಹುಡುಗರ ಕಂಠಗಳಿಗೆ ಬಾಖ್‌ನ ಉದ್ದನೆಯ ಸಾಲುಗಳು ಭಾರವಾಗುತ್ತವೆ, ಒತ್ತುಗಳು ಅತಿಯಾಗುತ್ತವೆ ಎಂದು. 1970ರ ದಶಕದ ಮುದ್ರಣಗಳನ್ನು ಇಂದು ಕೇಳಿದರೆ ಮೊದಲೆರಡು ಮಾತುಗಳಲ್ಲಿ ಹುರುಳಿದೆ. ಅನಂತರದ ವಾದಕರು ಅದೇ ವಾದ್ಯಗಳಲ್ಲಿ ಹೆಚ್ಚಿನ ಖಚಿತತೆ ಸಾಧಿಸಿದ್ದಾರೆ.

ಎರಡನೆಯ ಬಗೆಯ ವಿಮರ್ಶೆ ಸೈದ್ಧಾಂತಿಕ. ಗತಕಾಲದ ಅಧಿಕೃತ ವಾದನ ಎಂದು ಕರೆಸಿಕೊಳ್ಳುವುದು ವಾಸ್ತವದಲ್ಲಿ ಇಪ್ಪತ್ತನೆಯ ಶತಮಾನದ ಅಭಿರುಚಿಯೇ ಎಂದು ಅಮೆರಿಕದ ಸಂಗೀತಶಾಸ್ತ್ರಜ್ಞ ರಿಚರ್ಡ್ ಟರುಸ್ಕಿನ್ ವಾದಿಸಿದರು. ಗಮನಿಸಬೇಕಾದ್ದೆಂದರೆ, ಇಡೀ ಚಳವಳಿಯನ್ನು ಹೀಗೆ ಪ್ರಶ್ನಿಸಿದ ಅವರೇ ಪೂರ್ಣಗೊಂಡ ಕ್ಯಾಂಟಾಟ ಮಾಲೆಯ ಬಗ್ಗೆ 1991ರಲ್ಲಿ ಬರೆಯುತ್ತ ಹಾರ್ನೊಂಕೂರರ ಮುದ್ರಣಗಳ ಒರಟುತನ, ಅಹಿತಕರ ಗುಣವನ್ನು ಮೆಚ್ಚಿಕೊಂಡರು. ಬಾಖ್‌ನ ಧಾರ್ಮಿಕ ಸಂದೇಶದ ಕಠೋರತೆಗೆ ಇಂಪಾದ ನಾದ ಮೋಸಮಾಡುತ್ತದೆ ಎಂಬುದು ಅವರ ನಿಲುವು.

ಪ್ರಭಾವ

1970ರ ದಶಕದಿಂದ ಯುರೋಪಿನಲ್ಲಿ ಕಾಲೀನ ವಾದ್ಯಗಳ ಮೇಳಗಳು ಒಂದರ ಹಿಂದೊಂದು ಹುಟ್ಟಿದವು. ಬೆಲ್ಜಿಯಂನಲ್ಲಿ ಲಾ ಪೆಟಿಟ್ ಬಾಂಡ್ (1972), ಇಂಗ್ಲೆಂಡಿನಲ್ಲಿ ಕ್ರಿಸ್ಟೊಫರ್ ಹಾಗ್‌ವುಡ್‌ರ ಅಕಾಡೆಮಿ ಆಫ್ ಏನ್ಷಿಯೆಂಟ್ ಮ್ಯೂಸಿಕ್ (1973), ಜರ್ಮನಿಯಲ್ಲಿ ರೈನ್‌ಹಾರ್ಡ್ ಗೋಬೆಲ್‌ರ ಮ್ಯೂಸಿಕಾ ಆಂಟಿಕ್ವಾ ಕೋಲ್ನ್ (1973), ಮಿಲಾನ್‌ನಲ್ಲಿ ಇಲ್ ಜಾರ್ದಿನೊ ಆರ್ಮೊನಿಕೊ (1985), ಜರ್ಮನಿಯಲ್ಲೇ ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾ (1987) ಮುಖ್ಯವಾದವು. ಇಂಗ್ಲಿಷ್ ಮೇಳಗಳು ಚುರುಕು, ನಯ, ಸಮತೋಲನಕ್ಕೆ ಒಲಿದರೆ ಇಲ್ ಜಾರ್ದಿನೊದಂಥ ಇಟಾಲಿಯನ್ ಮೇಳದ ನಾಟಕೀಯತೆ ಕಾನ್ಸೆಂಟಸ್‌ನ 1977ರ ವಿವಾಲ್ಡಿಗೆ ಹತ್ತಿರದ್ದು.

ಬೋಧನೆಯ ಮೂಲಕವೂ ಪ್ರಭಾವ ಹರಡಿತು. ಹಾರ್ನೊಂಕೂರ್ 1973ರಿಂದ 1993ರವರೆಗೆ ಸಾಲ್ಜ್‌ಬುರ್ಗ್‌ನ ಮೊಟ್ಸಾರ್ಟೇಯಂನಲ್ಲಿ ವಾದನಪದ್ಧತಿಯನ್ನು ಕಲಿಸಿದರು. 1970ರ ದಶಕದ ಮಧ್ಯದಿಂದ ಆಮ್‌ಸ್ಟರ್‌ಡ್ಯಾಂ, ಅನಂತರ ವಿಯೆನ್ನಾ, ಬರ್ಲಿನ್‌ಗಳ ದೊಡ್ಡ ಆರ್ಕೆಸ್ಟ್ರಾಗಳು ಅವರನ್ನು ನಿರ್ದೇಶಕರಾಗಿ ಕರೆದವು. ಆಧುನಿಕ ವಾದ್ಯಗಳ ಆರ್ಕೆಸ್ಟ್ರಾಗಳೂ ಮೊಟ್ಸಾರ್ಟ್, ಹೈಡನ್ ನುಡಿಸುವಾಗ ವಾದಕರ ಸಂಖ್ಯೆ ಇಳಿಸಿ, ಬೆರಳಿನ ಕಂಪನ ತಗ್ಗಿಸಿ, ಗಟ್ಟಿ ಕೋಲಿನಿಂದ ನಗಾರಿ ಬಾರಿಸುವುದು ಇಂದು ಸಾಮಾನ್ಯವಾಗಿದೆ. ಇದರ ಒಂದು ಬೇರು ಕಾನ್ಸೆಂಟಸ್‌ನ ಅಭ್ಯಾಸಕೋಣೆಯಲ್ಲಿದೆ.

ಇಂದಿನ ಸ್ಥಿತಿ

2015ರ ಡಿಸೆಂಬರ್ 5ರಂದು, ತಮ್ಮ 86ನೆಯ ಹುಟ್ಟುಹಬ್ಬದ ಮುನ್ನಾದಿನ, ಹಾರ್ನೊಂಕೂರ್ ಕೈಬರಹದ ಪತ್ರದ ಮೂಲಕ ನಿವೃತ್ತಿಯನ್ನು ಪ್ರಕಟಿಸಿದರು. 2016ರ ಮಾರ್ಚ್ 5ರಂದು ತೀರಿಕೊಂಡರು. ಮೇಳ ವಿಸರ್ಜನೆಯಾಗಲಿಲ್ಲ. ಅದರ ಹಾರ್ಪ್ಸಿಕಾರ್ಡ್‌ವಾದಕರಾಗಿದ್ದ ಸ್ಟೆಫಾನ್ ಗಾಟ್‌ಫ್ರೀಡ್ ನಿರ್ದೇಶನವನ್ನು ವಹಿಸಿಕೊಂಡರು. ಪಿಟೀಲುವಾದಕರಾದ ಎರಿಕ್ ಹೋಬಾರ್ತ್ ಮತ್ತು ಆಂದ್ರೆಯಾ ಬಿಶೋಫ್ ಜೊತೆಗೂಡಿದರು. ಹೊಸ ನಾಯಕತ್ವವೂ ಮೇಳದ ಒಳಗಿನವರದೇ ಆಯಿತು. ವಿಯೆನ್ನಾದ ಮ್ಯೂಸಿಕ್‌ಫೆರಾಯಿನ್ ಸಭಾಂಗಣದಲ್ಲಿ ಮೇಳದ ಕಛೇರಿಗಳು ಮುಂದುವರಿದವು. 2018ರಲ್ಲಿ ಗಾಟ್‌ಫ್ರೀಡ್ ನಿರ್ದೇಶನದಲ್ಲಿ ಶೂಬರ್ಟ್‌ನ ಅಪೂರ್ಣ ಸಿಂಫನಿ, ಬಿಟ್ಟುಹೋದ ಭಾಗಗಳನ್ನು ಪೂರೈಸಿಕೊಂಡ ರೂಪದಲ್ಲಿ, ಹೊರಬಂದಿತು. ಬರೋಕ್‌ನಿಂದ ಹೊರಟ ಮೇಳದ ಕಾರ್ಯಕ್ಷೇತ್ರ ಹೀಗೆ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಚಾಚಿಕೊಂಡಿದೆ. ಬಾಖ್, ಹೈಡನ್, ಮೊಟ್ಸಾರ್ಟ್ ಅದರ ತಿರುಳಾಗಿ ಉಳಿದಿದ್ದಾರೆ.